ಹೊಳೆಯುವ ಬೋಗುಣಿ

ಎಪ್ಪತ್ತೆಂಟರ ಬೇಸಿಗೆಯಲ್ಲಿ ಗೊಳಸಂಗಿಯ ಬಸಂತರಾಯರ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆಗಳ ನಡುವೆ ಒಂದು ಕಟ್ಟಿಗೆಯ ಪೆಟ್ಟಿಗೆ ಬಂದು ಕೂತಿತು. ಒಳಗೆ ಕರಿಬಣ್ಣ ಬಳಿದ ತಗಡು, ಬಾಯಿಗೆ ಗಾಜು, ಬೆನ್ನಿಗೆ ಒಂದು ಕನ್ನಡಿ. ಬಿಸಿಲಿಗಿಟ್ಟರೆ ಮೂರು ತಾಸಿನಲ್ಲಿ ಅನ್ನ ಬೇಯುತ್ತಿತ್ತು. ಊರವರೆಲ್ಲ ಅದನ್ನು ಶೇವಂತಿಯ ಪೆಟ್ಟಿಗೆ ಎನ್ನುತ್ತಿದ್ದರು.

ಅದರ ಚಿತ್ರ ಮೊದಲು ಬಿಡಿಸಿದವಳು ರಾಯರ ಮಗಳು ಸುಮಿತ್ರಾ, ತನ್ನ ದಿನಚರಿಯ ಕೊನೆಯ ಹಾಳೆಯಲ್ಲಿ. ಬಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದವಳು. ದಿನಾ ಎರಡು ಪುಟ ಬರೆಯುವಳು, ಅಪ್ಪನೆದುರು ಎರಡು ಮಾತು ಆಡಲಾರಳು. ಹಪ್ಪಳ ಹಾಕಲು ಬಂದ ಶೇವಂತಿಗೆ ಒಮ್ಮೆ ಆ ಚಿತ್ರ ತೋರಿಸಿ, ಹಿಂದಿನ ಪುಟಗಳನ್ನೂ ಓದಿಸಿದ್ದಳು, ಅಷ್ಟೆ. ಶೇವಂತಿ ಕುರಿ ಕಾಯುವ ರೇವಣಪ್ಪನ ಮಗಳು, ಹತ್ತನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಮರುದಿನವೇ ಬಡಿಗ ಇಬ್ರಾಹಿಂಸಾಬನ ಅಂಗಳದಲ್ಲಿ ಕೂತು ಹಲಗೆ ಕೊಯ್ಯಿಸಿದಳು. ಎಂಟು ದಿನದಲ್ಲಿ ಬಿಸಿಲಲ್ಲಿ ಬೆಂದ ಅನ್ನವನ್ನು ಪಡಸಾಲೆಗೇ ತಂದು ರಾಯರ ಮುಂದಿಟ್ಟಳು.

ಇದರ ಮೂಲ ತಾನಲ್ಲ, ಸುಮಿತ್ರಕ್ಕ ಎಂದೂ ಹೇಳಿದಳು. ರಾಯರು ಅದನ್ನು ಹುಡುಗಿಯ ದೊಡ್ಡ ಗುಣವೆಂದುಕೊಂಡು ನಕ್ಕರು. ಬಾಗಿಲ ಮರೆಯಲ್ಲಿದ್ದ ಸುಮಿತ್ರಾಳಿಗೆ, ಇವಳು ಕದ್ದಿದ್ದರೇ ಚೆನ್ನಾಗಿತ್ತು ಅನಿಸಿತು. ಕದ್ದವಳನ್ನು ಬೈಯಬಹುದು. ಕೊಟ್ಟದ್ದನ್ನು ಕೊಟ್ಟವರ ಹೆಸರಿನಲ್ಲೇ ಹೇಳಿ, ಮೆಚ್ಚುಗೆಯನ್ನು ಮಾತ್ರ ತಾನು ಹೊತ್ತುಕೊಂಡು ಹೋದವಳನ್ನು ಏನು ಮಾಡುವುದು?

ಆ ವರ್ಷ ಕರೆಂಟು ದಿನಕ್ಕೆ ನಾಲ್ಕು ತಾಸು ಇದ್ದರೆ ಹೆಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಹಿರಿಯರು ಕೂಡಿ ಸರ್ಕಾರಕ್ಕೊಂದು ಠರಾವು ಕಳಿಸುವುದೆಂದು ಮಾಡಿದ್ದರು. ಈ ಭಾಗಕ್ಕೆ ಕೃಷ್ಣೆಯ ದಂಡೆಗೊಂದು ಅಣು ವಿದ್ಯುತ್ ಕೇಂದ್ರ ಬೇಕೋ, ಊರೂರಿಗೆ ಬಿಸಿಲಿನಿಂದ ನಡೆಯುವ ಯಂತ್ರಗಳು ಬೇಕೋ. ಎರಡನ್ನೂ ಕೇಳಿದರೆ ಒಂದೂ ಬರುವುದಿಲ್ಲವೆಂಬುದು ಎಲ್ಲರ ಅನುಭವ. ಸಭೆ ಶನಿವಾರ, ಬಸಂತರಾಯರ ಅಂಗಳದಲ್ಲಿ. ಅಣುವಿನ ಪರ ಆಲಮಟ್ಟಿಯ ಎಂಜಿನಿಯರ್ ಶ್ರೀಶೈಲಪ್ಪ, ಬಿಸಿಲಿನ ಪರ ಶೇವಂತಿ. ಕೂತವರ ಕಣ್ಣೆದುರೇ ಪೆಟ್ಟಿಗೆಯಲ್ಲಿ ಅನ್ನ ಬೆಂದರೆ ತಮ್ಮ ಸಹಿ ಬಿಸಿಲಿಗೇ ಎಂದು ರಾಯರು ಮಾತು ಕೊಟ್ಟಿದ್ದರು. ಉಳಿದವರು ರಾಯರ ಸಹಿ ನೋಡಿ ಸಹಿ ಮಾಡುವವರು. ಸುಮಿತ್ರಾಳಿಗೆ ಅವರು ಒಪ್ಪಿಸಿದ್ದು ಒಂದೇ ಕೆಲಸ, ಅಕ್ಕಿಯ ಬೋಗುಣಿಯನ್ನು ಪೆಟ್ಟಿಗೆಯಲ್ಲಿಟ್ಟು ಗಾಜು ಮುಚ್ಚುವುದು.

ಆ ಬೋಗುಣಿ ಹಿತ್ತಲ ಒಲೆಯದು, ಎರಡು ವರ್ಷದ ಮಸಿ ಹತ್ತಿ ಕರ್ರಗಾಗಿತ್ತು. ಕರ್ರಗಿರಲೇಬೇಕು, ಹೊಳೆಯುವ ಪಾತ್ರೆ ಬಿಸಿಲನ್ನು ಹೊರಗೆ ಎಸೆಯುತ್ತದೆ ಎಂದು ಸುಮಿತ್ರಾ ಚಿತ್ರದ ಕೆಳಗೆ ಬರೆದಿದ್ದಳು. ಶೇವಂತಿ ಅದನ್ನು ಓದಿ, ಹೆಂಗಸರ ಚೇಷ್ಟೆ ಕೇಳಿಸಿಕೊಂಡೂ, ತಿಂಗಳುಗಟ್ಟಲೆ ಅದರ ಬೆನ್ನು ತಿಕ್ಕಿರಲಿಲ್ಲ.

ಶನಿವಾರ ಮುಂಜಾನೆ ಸುಮಿತ್ರಾ ಬಚ್ಚಲ ಕಟ್ಟೆಗೆ ಬಂದು ನೋಡಿದರೆ ಬೋಗುಣಿ ಕನ್ನಡಿಯಂತೆ ಹೊಳೆಯುತ್ತಿತ್ತು. ಸೋದರತ್ತೆ ಚನ್ನವ್ವ ಬೂದಿ, ಹುಣಸೆಹಣ್ಣು ಹಚ್ಚಿ ಬೆಳಕು ಹರಿಯುವ ಮೊದಲೇ ತಿಕ್ಕಿ ಮುಗಿಸಿದ್ದಳು.

"ನಾಕ ತಾಲೂಕಿನ ಮಂದಿ ಬರ್ತಾರ. ಆ ಮಸಿ ಬೋಗಾಣಿ ಕಂಡ್ರ, ಈ ಮನ್ಯಾಗ ಹೆಣ್ಮಕ್ಕಳ ಇಲ್ಲೇನ ಅಂತಾರ" ಎಂದು ಸೆರಗಿನಿಂದ ಕೈ ಒರೆಸಿಕೊಂಡಳು.

ಗೂಡಿನಲ್ಲಿ ದೀಪದ ಕಾಡಿಗೆಯಿತ್ತು, ಪಕ್ಕದಲ್ಲೇ ಕುಸುಬಿ ಎಣ್ಣೆ. ಎರಡನ್ನೂ ಕಲಸಿ ಬೋಗುಣಿಗೆ ಬಳಿಯಲು ಐದು ನಿಮಿಷ ಸಾಕು. ಸುಮಿತ್ರಾ ಕಾಡಿಗೆಯ ಬಟ್ಟಲಿಗೆ ಕೈ ಹಾಕಿದ್ದಳು ಕೂಡ. ಆಗ ಅಂಗಳದಿಂದ ಶೇವಂತಿಯ ದನಿ ಕೇಳಿತು, ಹಿಂದೆಯೇ ಅಪ್ಪನ ನಗು. ಅಪ್ಪ ಹಾಗೆ ನಗುತ್ತಾರೆಂಬುದೇ ಅವಳಿಗೆ ಇತ್ತೀಚೆಗೆ ಗೊತ್ತಾದದ್ದು.

"ನೀ ನನ್ನ ಮಗಳಾಗಿ ಹುಟ್ಟಬೇಕಾಗಿತ್ತ ನೋಡವಾ" ಎಂದರು ರಾಯರು.

ಸುಮಿತ್ರಾ ಕೈ ಹಿಂದಕ್ಕೆ ತೆಗೆದುಕೊಂಡಳು. ಬೆರಳ ತುದಿಗೆ ಹತ್ತಿದ ಕಾಡಿಗೆಯನ್ನು ತೊಳೆದುಕೊಂಡಳು. ಹೊಳೆಯುವ ಬೋಗುಣಿಗೆ ಅಕ್ಕಿ, ನೀರು ಹಾಕಿ, ಮುಚ್ಚಳ ಹಾಕಿ, ಅಂಗಳದ ಪೆಟ್ಟಿಗೆಯಲ್ಲಿಟ್ಟು ಗಾಜು ಮುಚ್ಚಿದಳು. ಬಂದವರಿಗೆ ಚಹಾ ಕೊಡುವ ಗಡಿಬಿಡಿಯಲ್ಲಿದ್ದ ಶೇವಂತಿ ದೂರದಿಂದಲೇ, ಎಲ್ಲ ಸರಿಯಿದೆಯೇ ಎಂದು ಕಣ್ಣಲ್ಲಿ ಕೇಳಿದಳು. ಸುಮಿತ್ರಾ ಹೌದೆಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಗಾಜಿಗೆ ಒಳಗಿನಿಂದ ಬೆವರು ಕಟ್ಟಿ ಏನೂ ಕಾಣದಂತಾಯಿತು.

ಶ್ರೀಶೈಲಪ್ಪ ಸಮಾಧಾನದ ಮನುಷ್ಯ. ಸೂರ್ಯ ಸಂಜೆಗೆ ಮನೆಗೆ ಹೋಗುತ್ತಾನೆ, ಅಣು ಹೋಗುವುದಿಲ್ಲ. ಒಂದು ಕೇಂದ್ರ ನಾಲ್ಕು ತಾಲೂಕಿನ ಪಂಪು, ಗಿರಣಿ ಎಲ್ಲ ನಡೆಸೀತು ಎಂದ. ಶೇವಂತಿ, ಅದರ ಬೂದಿಯನ್ನು ಎಲ್ಲಿ ಚೆಲ್ಲುತ್ತೀರಿ, ನಮ್ಮ ಹೊಳೆಯಲ್ಲೇನು ಎಂದು ಕೇಳಿದಳು. ತಂತಿ ಬರುವ ತನಕ ಕಾಯುವುದು ಯಾರು, ಬಿಸಿಲು ಆಗಲೇ ಬಂದು ನೆತ್ತಿಯ ಮೇಲೆ ಕೂತಿದೆಯಲ್ಲ ಎಂದಳು. ಮಂದಿ ನಕ್ಕರು, ಚಪ್ಪಾಳೆ ತಟ್ಟಿದರು. ಆ ಮಾತುಗಳಲ್ಲಿ ಅರ್ಧ ಸುಮಿತ್ರಾಳ ದಿನಚರಿಯವು. ತಾನು ಬರೆದಾಗ ಸಪ್ಪಗಿದ್ದ ಮಾತು ಇವಳ ಬಾಯಲ್ಲಿ ಹೀಗೆ ಹೇಗೆ ಎದ್ದು ನಡೆಯುತ್ತದೆ ಎಂದು ಅವಳ ಹೊಟ್ಟೆಯೊಳಗೆ ಕಿಚ್ಚು ಹತ್ತಿತು.

ಒಂದು ಗಂಟೆಗೆ ಗಾಜು ತೆಗೆದರು. ಅಕ್ಕಿ ಉಬ್ಬಿತ್ತು, ಬೆಂದಿರಲಿಲ್ಲ. ಸಿಂದಗಿಯ ಹಿರಿಯರೊಬ್ಬರು ಒಂದು ಕಾಳು ಹಲ್ಲಿಗೆ ಕಚ್ಚಿ, ಈ ಬಿಸಿಲಿಗೂ ನಾಲ್ಕೇ ತಾಸು ಕರೆಂಟೇನೋ ಎಂದರು. ಶೇವಂತಿ ಬೋಗುಣಿ ನೋಡಿದಳು. ಆಮೇಲೆ ಸುಮಿತ್ರಾಳನ್ನು ನೋಡಿದಳು.

"ನಂದ ತಪ್ಪರಿ. ನೀರಿನ ಅಳತಿ ತಪ್ಪೇತಿ" ಎಂದಳು.

ರಾಯರು ಅಣು ಕೇಂದ್ರದ ಠರಾವನ್ನೇ ಬರೆದರು. ಸೋಮವಾರ ಬಾಗೇವಾಡಿಯಲ್ಲಿ ಎಲ್ಲರ ಸಹಿ ಬೀಳುವುದಿತ್ತು.

ಗೆದ್ದೆನೆಂಬ ಸುಖ ಸಂಜೆಯ ತನಕವೂ ಉಳಿಯಲಿಲ್ಲ. ರವಿವಾರ ಸುಮಿತ್ರಾ ಪೆಟ್ಟಿಗೆಯನ್ನೂ ಕಾಡಿಗೆ ಬಳಿದ ಬೋಗುಣಿಯನ್ನೂ ಮಾಳಿಗೆಗೊಯ್ದು ತಾನೊಬ್ಬಳೇ ಅನ್ನ ಬೇಯಿಸಿದಳು. ಮಲ್ಲಿಗೆಯಂತೆ ಅರಳಿತು. ತಂದು ಅಪ್ಪನ ತಾಟಿಗೆ ಬಡಿಸಿ, ಇದು ಬಿಸಿಲಿನದು ಎಂದಳು. ರಾಯರ ಮುಖ ಅರಳಿತು.

"ಶೇವಂತಿ ಕಳಿಸ್ಯಾಳೇನು? ನಿನ್ನಿ ಯಾಕ ಹಂಗಾತು ಕೇಳೂಣು, ಕರಕೊಂಡ ಬಾ."

ಅಲ್ಲ ಎನ್ನದೆ ಸುಮಿತ್ರಾ ಇನ್ನೊಂದು ಸೌಟು ಬಡಿಸಿದಳು. ಅವಳು ರೇವಣಪ್ಪನ ಮನೆಗೆ ನಡೆದಳು. ಶೇವಂತಿ ಕಂಬಳಿಯ ಉಣ್ಣೆ ಬಿಡಿಸುತ್ತ ಕೂತಿದ್ದಳು, ಏಳಲಿಲ್ಲ.

"ತಿಕ್ಕಿದಾಕಿ ಚನ್ನವ್ವತ್ತಿ. ಹಂಗ ಇಟ್ಟಾಕಿ ನೀನು" ಎಂದಳು. "ಗೊತ್ತಿದ್ದ ಇಟ್ಟಿಯೇನ ಸುಮಿತ್ರಕ್ಕ?"

"ಹೂಂ."

"ಬೋಗಾಣಿ ಕರ್ರಗಿರಬೇಕಂತ ನನಗ ಓದಿಸಿದ್ದು ನೀನ."

"ಅಲ್ಲೇ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮಪ್ಪ ಅಷ್ಟ ಮಂದ್ಯಾಗ ನಿನ್ನ ಕೇಳ್ತಿದ್ರು. ನಿನಗ ಬಾಯಿ ಬರ್ತಿದ್ದಿಲ್ಲ."

ಬೈದಿದ್ದರೆ ಸಹಿಸಬಹುದಿತ್ತು. ಕರುಣೆ ತೋರಿಸುವುದೂ ಇವಳಿಗೇ ಮೊದಲು ಬರಬೇಕೇ ಎಂದು ಸುಮಿತ್ರಾಳ ಒಳಗು ಮತ್ತೆ ಸುಟ್ಟಿತು. ಬರುತ್ತೀಯೋ ಇಲ್ಲವೋ ಎಂದಷ್ಟೇ ಕೇಳಿದಳು. ಬರುತ್ತೇನೆ, ಆದರೆ ಬಾಯಿ ಬಿಚ್ಚುವುದಿಲ್ಲ ಎಂದಳು ಶೇವಂತಿ.

ಪಡಸಾಲೆಯಲ್ಲಿ ರಾಯರು ಶೇವಂತಿಯನ್ನೇ ಕೇಳಿದರು. ಅವಳು ಗೋಡೆಗೊರಗಿ ಕೂತು ತನ್ನ ಉಗುರು ನೋಡಿಕೊಳ್ಳತೊಡಗಿದಳು. ಉತ್ತರ ಹೇಳುವವರು ತನ್ನ ಹೊರತು ಬೇರೆ ಯಾರೂ ಇಲ್ಲವೆಂದು ಸುಮಿತ್ರಾಳಿಗೆ ತಿಳಿಯಿತು.

"ಅಪ್ಪಾ, ಬೋಗಾಣಿ ಹೊಳ್ಯಾಕತ್ತಿತ್ತು. ಹಂಗ ಇಟ್ರ ಬೇಯಂಗಿಲ್ಲಂತ ಗೊತ್ತಿತ್ತು. ಗೊತ್ತಿದ್ದ ಇಟ್ಟೆ. ಇವತ್ತ ಅನ್ನ ಮಾಡಿದಾಕಿನೂ ನಾನ."

ರಾಯರು ಯಾಕೆ ಎಂದು ಕೇಳಲಿಲ್ಲ. ಮಗಳನ್ನೊಮ್ಮೆ, ಶೇವಂತಿಯನ್ನೊಮ್ಮೆ ನೋಡಿದರು. ನಿನ್ನೆಯ ತಮ್ಮ ಮಾತು ಬಚ್ಚಲ ತನಕ ಕೇಳಿಸಿರಬೇಕೆಂದು ಅವರಿಗೆ ಹೊಳೆಯಿತೋ ಏನೋ, ಮುಖ ಸಣ್ಣದಾಯಿತು. ಠರಾವಿನ ಕಾಗದ ತೆಗೆದು, ಮಡಚಿ, ಮಗಳ ಕೈಗಿಟ್ಟರು.

"ನಾಳೆ ಬಾಗೇವಾಡಿಗೆ ಪೆಟ್ಟಿಗಿ ತಗೊಂಡ ನೀ ಬಾ. ಈಗ ಹೇಳಿದ್ದನ್ನ ಅವರ ಮುಂದ ಹೇಳು. ಆಮ್ಯಾಲ ಈ ಕಾಗದ ಹರಿಯೂದೋ, ಸಹಿ ಮಾಡೂದೋ ಅವರ ನೋಡ್ತಾರ."

ಸುಮಿತ್ರಾ ಕಾಗದವನ್ನು ಇನ್ನೊಮ್ಮೆ ಮಡಚಿದಳು. ರೂಢಿಯಂತೆ ಅವಳ ಕಣ್ಣು ಶೇವಂತಿಯತ್ತ ಹೋಯಿತು, ಇವಳು ಈಗೊಂದು ಮಾತು ಆಡಿ ತನ್ನನ್ನು ಬಿಡಿಸಲಿ ಎಂದು. ಶೇವಂತಿ ಉಗುರಿನಿಂದ ಕಣ್ಣೆತ್ತಲಿಲ್ಲ.