ಹನ್ನೊಂದನೆಯ ಷರತ್ತು

ಮನೆ ಮಾಲೀಕ ಬೆಳಗ್ಗೆ ಏಳೂವರೆಗೇ ಬಾಗಿಲು ಬಡಿದ. ಕೈಯಲ್ಲಿ ಬಾಡಿಗೆ ಕರಾರು, ಮುಖದಲ್ಲಿ ಊರಿಗೇ ಯಜಮಾನನೆಂಬ ಗತ್ತು. ಕರಾರಮ್ಮ ಆಗಷ್ಟೇ ಅಕ್ಕನನ್ನು ದಿಂಬಿಗೆ ಒರಗಿಸಿ ತಲೆ ಬಾಚುತ್ತಿದ್ದಳು.

"ನಿಮ್ಮ ಅಕ್ಕ ಬಂದು ಇವತ್ತಿಗೆ ನಾಲ್ಕು ದಿನ ಆಯ್ತಲ್ಲಮ್ಮ," ಎಂದ.

"ತೊಡೆ ಮೂಳೆ ಮುರಿದು ರಾಡ್ ಹಾಕಿದ್ದಾರೆ ಸಾರ್. ಅವಳ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಒಬ್ಬಳೇ ಇರೋದು. ಆರು ವಾರ ಮೆಟ್ಟಿಲು ಹತ್ತಬಾರದು ಅಂದಿದ್ದಾರೆ ಡಾಕ್ಟ್ರು."

"ಹನ್ನೊಂದನೇ ಷರತ್ತು ಓದಿ. ನೀವೇ ಟೈಪ್ ಮಾಡಿದ್ದಲ್ವಾ?"

ಅವಳಿಗೆ ಓದುವ ಅಗತ್ಯವಿರಲಿಲ್ಲ. ಬಾಡಿಗೆದಾರರ ಬಂಧುಬಳಗದವರು ಯಾರೇ ಆಗಲಿ ಮೂರು ದಿನಗಳಿಗಿಂತ ಹೆಚ್ಚು ಕಾಲ ತಂಗತಕ್ಕದ್ದಲ್ಲ. ಕೋರ್ಟ್ ರಸ್ತೆಯ ಟೈಪಿಂಗ್ ಅಂಗಡಿಯಲ್ಲಿ ಅವಳು ಕೂತು ಹದಿನಾಲ್ಕು ವರ್ಷವಾಗಿತ್ತು. ಕರಾರಮ್ಮ ಎಂಬ ಹೆಸರು ರಸ್ತೆಯವರು ಇಟ್ಟದ್ದು. ಎಂಟು ವರ್ಷದ ಹಿಂದೆ ಯಾವನೋ ಸಿಡುಕು ಮುದುಕ ಬಂದು, "ನೆಂಟರು ಬಂದು ಝಂಡಾ ಊರಬಾರದು, ಅದನ್ನೂ ಸೇರಿಸು," ಎಂದಿದ್ದ. ಅವನ ಒರಟು ಮಾತನ್ನು ಉಜ್ಜಿ ತಿದ್ದಿ ಕಾನೂನಿನ ಅಂಗಿ ತೊಡಿಸಿ, ಎಷ್ಟು ಚೆನ್ನಾಗಿ ಕೂತಿತೆಂದು ತಾನೇ ಬೀಗಿದ್ದಳು. ಮರುದಿನ ಬಂದ ಗಿರಾಕಿಗೆ ಅದೇ ಫೈಲು ತೆರೆದು ಹೆಸರು, ವಿಳಾಸ ಬದಲಿಸಿದಳು. ಅದರ ಮರುದಿನವೂ ಅಷ್ಟೇ. ಹೀಗೆ ಕೇಳದವರ ಕರಾರಿನೊಳಗೂ ಆ ಷರತ್ತು ಹೋಗಿ ಸೇರಿತು, ಕೊನೆಗೆ ಅವಳದರಲ್ಲೂ.

ಅಂಗಡಿಗೆ ನಡೆಯುವಾಗ ಸಿಟ್ಟು ನೆತ್ತಿಗೇರಿತ್ತು. ಮಾಲೀಕನ ಮೇಲೆ ಮಾತ್ರವಲ್ಲ. ದಾರಿಯುದ್ದಕ್ಕೂ ಬಾಡಿಗೆ ಮನೆಗಳೇ. ಈ ಎಂಟು ವರ್ಷದಲ್ಲಿ ಯಾರ ಯಾರ ತಾಯಿ, ಯಾರ ಬಾಣಂತಿ ಮಗಳು ಮೂರನೇ ದಿನಕ್ಕೆ ಬ್ಯಾಗು ಕಟ್ಟಿದರೋ. ಒಬ್ಬರಾದರೂ ಬಂದು ಅವಳ ಮುಖಕ್ಕೆ ಉಗಿದಿರಲಿಲ್ಲ. ಉಗಿಯಬೇಕಿತ್ತು.

ಹನ್ನೊಂದು ಗಂಟೆಗೆ ಮಾಲೀಕ ಅಂಗಡಿಗೇ ಬಂದ. ಹತ್ತು ಮನೆಗಳ ಕಾಗದವನ್ನು ಅವಳಿಂದಲೇ ಮಾಡಿಸಿದವನು. ಬೇರೆ ಕಡೆ ಹೋಗಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಒಂದು ನೋಟಿಸ್ ಮಾಡ್ಕೊಡಿ. ಮನೆ ಖಾಲಿ ಮಾಡೋಕೆ, ಒಂದು ತಿಂಗಳು ಟೈಮು."

"ಯಾರ ಹೆಸರಿಗೆ?"

"ನಿಮ್ಮ ಹೆಸರಿಗೇ," ಎಂದ, ಸಂಕೋಚದ ಸುಳಿವೂ ಇಲ್ಲದೆ.

ಸಾಲಿನಲ್ಲಿ ನಿಂತವರ ಕಿವಿ ನೆಟ್ಟಗಾಯಿತು. ಅವಳು ಟೈಪಿಸತೊಡಗಿದಳು. ಕಾರಣದ ಜಾಗ ಬಂದಾಗ ಅವನು, "ಷರತ್ತು ಉಲ್ಲಂಘನೆ ಅಂತ ಹಾಕಿ," ಎಂದ. ಅವಳು ಹಾಕಿದ್ದೇ ಬೇರೆ. ಪ್ರಿಂಟರಿನಿಂದ ಹಾಳೆ ಹೊರಬಿದ್ದದ್ದೇ ಎಲ್ಲರಿಗೂ ಕೇಳುವಂತೆ ಓದಿದಳು: "ಮೂಳೆ ಮುರಿದು ಮೆಟ್ಟಿಲು ಹತ್ತಲಾಗದ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ಅಕ್ಕನನ್ನು ನಾಲ್ಕನೆಯ ದಿನವೂ ಮನೆಯಲ್ಲಿ ಇಟ್ಟುಕೊಂಡ ಕಾರಣಕ್ಕೆ."

"ಇದೇನ್ರೀ ಇದು? ಹೀಗೆ ಬರೆದ್ರೆ ಜನ ನನ್ನನ್ನ ಎಂಥವನು ಅಂದ್ಕೋತಾರೆ?"

"ಇದರಲ್ಲಿ ಯಾವ ಪದ ಸುಳ್ಳು ಹೇಳಿ, ತೆಗೀತೀನಿ."

ಅವನು ಹಾಳೆಯನ್ನು ಮುದುರಿ ಎಸೆದು ಪಕ್ಕದ ಅಂಗಡಿಗೆ ನಡೆದ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಿಸಕ್ಕೆಂದಳು. ಕರಾರಮ್ಮನಿಗೆ ನಗು ಬರಲಿಲ್ಲ. ಮೂಲ ಫೈಲು ತೆರೆದು ಹನ್ನೊಂದನೆಯ ಷರತ್ತನ್ನು ಅಳಿಸಿದಳು. ಕೆಳಗಿದ್ದ ಹನ್ನೆರಡು ಮೇಲೇರಿ ಹನ್ನೊಂದಾಯಿತು. ಇಷ್ಟು ಸುಲಭದ ಕೆಲಸಕ್ಕೆ ಎಂಟು ವರ್ಷ ಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಅರ್ಧ ಗಂಟೆಯಲ್ಲಿ ಅವನು ಹೊಸ ನೋಟಿಸ್ ಹಿಡಿದು ವಾಪಸ್ ಬಂದ. ಅದರ ನಡುಮಧ್ಯದಲ್ಲಿ ಹನ್ನೊಂದನೆಯ ಷರತ್ತಿನ ಅವಳ ವಾಕ್ಯವೇ ಇತ್ತು, ಒಂದಕ್ಷರ ಆಚೀಚೆ ಆಗದೆ. ಪಕ್ಕದ ಅಂಗಡಿಯವನು ಎಂದೋ ಅವಳ ಫೈಲನ್ನು ನಕಲು ಮಾಡಿಕೊಂಡಿದ್ದ, ಅವನಿಂದ ಆಚೆಯವನು. ಇಲ್ಲಿ ಅಳಿಸಿದರೆ ಏನು ಬಂತು, ರಸ್ತೆಯ ಅಷ್ಟೂ ಅಂಗಡಿಗಳಲ್ಲಿ ಅದು ಬೇರು ಬಿಟ್ಟಿತ್ತು.

"ತಲುಪಿದೆ ಅಂತ ಸಹಿ ಹಾಕಿ," ಎಂದ ಮಾಲೀಕ.

ಹಾಕಿದಳು. ಸಹಿಯ ಕೆಳಗೆ, ಹಾಳೆ ತೂತಾಗುವಷ್ಟು ಪೆನ್ನು ಒತ್ತಿ ಬರೆದಳು: "ಅಕ್ಕ ಮೆಟ್ಟಿಲು ಹತ್ತುವವರೆಗೆ ನಾವಿಬ್ಬರೂ ಮನೆ ಬಿಡುವುದಿಲ್ಲ. ಅವಳನ್ನು ಎತ್ತಿ ಹೊರಗೆ ಹಾಕುವುದಿದ್ದರೆ ನೀವೇ ಬಂದು ಎತ್ತಿ."