ಪಾತ್ರೆಯಿಲ್ಲದ ಒಲೆ

ಅತ್ತೆ ಪುಟ್ಟತಾಯಮ್ಮ ತೀರಿಕೊಂಡ ಮೂರನೆಯ ಬೆಳಿಗ್ಗೆಯೂ ಹಿತ್ತಿಲಿನಿಂದ ಬಕೆಟ್ಟಿನ ಸದ್ದು ಬಂತು. ಮಾವ ಪುಟ್ಟರಂಗಯ್ಯ ಸಗಣಿ ಕಲಸುತ್ತಿದ್ದರು. ಅದು ಅತ್ತೆಯ ಕೆಲಸ. ಎರಡು ವರ್ಷದ ಹಿಂದೆ, 1984ರಲ್ಲಿ, ಚೇಳೂರಿನ ಈ ಮನೆಗೆ ಗೋಬರ್ ಗ್ಯಾಸ್ ಹಾಕಿಸಿದಾಗಿನಿಂದ ಅವರು ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಲವತ್ತು ವರ್ಷ ಸೌದೆಯ ಹೊಗೆಯಲ್ಲಿ ಕಣ್ಣು ಮಂಜಾಗಿಸಿಕೊಂಡವರು, ನೀಲಿ ಉರಿಯ ಮುಂದೆ ಕೂತು, "ಹೊಗೇನೇ ಇಲ್ವಲ್ಲೇ" ಎಂದು ನಗುತ್ತಿದ್ದರು.

ನಮ್ಮಲ್ಲಿ ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರ ಆಗುವವರೆಗೆ ಸಾವಿನ ಮನೆಯ ಒಲೆ ಹಚ್ಚುವಂತಿಲ್ಲ. ಊಟ ಪಕ್ಕದ ಮನೆಯಿಂದ ಬರುತ್ತಿತ್ತು. ಗ್ಯಾಸ್ ಉರಿಸುವವರಿಲ್ಲ, ಮಾವ ಮಾತ್ರ ದಿನಾ ಸಗಣಿ ಹೊಯ್ಯುತ್ತಿದ್ದರು. ಗ್ಯಾಸ್ ತುಂಬಿಕೊಳ್ಳುವ ಕಬ್ಬಿಣದ ಡ್ರಮ್ಮು ಗುಂಡಿಯಿಂದ ಪೂರ್ತಿ ಮೇಲೆದ್ದು, ಅಂಚಿನಲ್ಲಿ ಬುಳುಬುಳು ಗುಳ್ಳೆ ಒಡೆಯುತ್ತಿತ್ತು.

ಆ ಸದ್ದು ನನಗೆ ತಡೆಯಲಾಗಲಿಲ್ಲ. ತುಮಕೂರಿನ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಸುಡದೆ ಬಿಟ್ಟ ಈ ಮೀಥೇನ್ ಗಾಳಿಯಲ್ಲಿ ಸೇರಿ, ಉರಿದಾಗ ಬರುವ ಅನಿಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ ಎಂದು ಆ ವರ್ಷವೇ ಓದಿದ್ದೆ. ಅತ್ತೆ ಕೈಯಾರೆ ಕೂಡಿಟ್ಟದ್ದು ಯಾರ ಅನ್ನವನ್ನೂ ಬೇಯಿಸದೆ, ಮುಂದಿನವರ ಬಿಸಿಲಿಗೆ ಬಿಸಿಲು ಸೇರಿಸಲು ಹೋಗುತ್ತಿತ್ತು. ಮಾವನಿಗೆ ಅದನ್ನು ಹೇಗೆ ಹೇಳಲಿ?

"ಮಾವ, ಇವತ್ತು ಹಾಕ್ಬೇಡಿ. ಗ್ಯಾಸ್ ಆಚೆ ಹೋಗ್ತಿದೆ. ಉರಿಸ್ದೆ ಬಿಟ್ರೆ ಹೊಗೆಗಿಂತ ಕೆಟ್ಟದ್ದು."

"ಅವ್ಳು ಒಂದಿನಾನೂ ತಪ್ಪಿಸ್ದೋಳಲ್ಲ ಕಣವ್ವ." ಅವರ ಕೈ ನಿಲ್ಲಲಿಲ್ಲ.

"ಅತ್ತೆ ಒಂದಿನಾನೂ ಪೋಲು ಮಾಡ್ದೋರೂ ಅಲ್ಲ."

ಆಡಿದ ಮೇಲೆ ನನಗೇ ಭಯವಾಯಿತು. ಮಾವ ಬಕೆಟ್ ಕೆಳಗಿಟ್ಟು, ಗುಳ್ಳೆಗಳನ್ನು ನೋಡಿದರು.

"ಒಲೆ ಹಚ್ಚವ್ವ. ಮೇಲೆ ಏನೂ ಇಡ್ಬೇಡ."

ಹಚ್ಚಿದೆ. ಊಟ ಹೊತ್ತು ತಂದ ಪಕ್ಕದ ಮನೆಯ ಹನುಮಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಏನಣ್ಣ ಇದು! ಸೂತಕದ್ ಮನೇಲಿ ಒಲೆ ಹಚ್ಚವ್ರೆ! ಓದಿದ್ ಸೊಸೆ ಹೇಳ್ಕೊಟ್ಳಾ?"

"ಅಡ್ಗೆ ಮಾಡ್ತಿಲ್ಲ ಬುಡವ್ವ," ಎಂದರು ಮಾವ. "ಅವ್ಳು ಕೂಡಾಕಿದ್ದು. ಉರ್ದು ಮುಗೀಲಿ."

ಹನುಮಕ್ಕ ಕುಕ್ಕೆ ಇಳಿಸಿ, ನಮ್ಮ ಪಕ್ಕ ಕೂತಳು. ಪಾತ್ರೆಯಿಲ್ಲದ ಒಲೆಯ ಮೇಲೆ ನೀಲಿ ಉರಿ ಬರಿದೇ ಉರಿಯಿತು. ಕಿಟಕಿಯಾಚೆ ಡ್ರಮ್ಮು ಕಂಡೂ ಕಾಣದ ಹಾಗೆ ಇಳಿಯುತ್ತಿತ್ತು.

ಉರಿ ಸಣ್ಣಗಾದಾಗ ಮಾವ ಎದ್ದು ಹಿತ್ತಿಲಿಗೆ ಹೋದರು. ಬಕೆಟ್ಟಿನ ಸದ್ದಿಗಾಗಿ ಕಿವಿಗೊಟ್ಟೆ.

ಅದು ಕೇಳಿಸಲಿಲ್ಲ.