ಹೆಸರು ಹೇಳಿದವಳು

ಥಾಣೆ ಕಡೆಯ ತುರ್ಭೆಯಲ್ಲಿ ಏಳುತ್ತಿದ್ದ ಹೊಸ ಕಟ್ಟಡದ ಕೂಲಿಗಳ ರಕ್ತ ಮಲೇರಿಯಾ ಪರೀಕ್ಷೆಗೆ ತೆಗೆಯಲು ಪಾಲಿಕೆಯ ಹೆಲ್ತ್ ಪೋಸ್ಟಿನವರು ಮಲ್ಲಿಕಾಳನ್ನು ಹಾಕಿದ್ದು ಅವಳಿಗೆ ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಅವಳಿಗಿಂತ ಮೊದಲು ಹೋಗುತ್ತಿದ್ದ ಆಶಾ ಕಾರ್ಯಕರ್ತೆ ಮರಾಠಿಯವಳು. ಜ್ವರ ಇದೆಯೇ ಎಂದು ಆಕೆ ಕೇಳಿದರೆ ತಗಡಿನ ಶೆಡ್ಡುಗಳಲ್ಲಿದ್ದವರು ತಲೆಯಾಡಿಸಿ ಒಳಗೆ ಹೋಗಿಬಿಡುತ್ತಿದ್ದರಂತೆ. ಮಲ್ಲಿಕಾ ಮೊದಲ ದಿನ ಜ್ವರದ ಮಾತೇ ಎತ್ತಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಗಸಿನ ಪಕ್ಕ ಕುಳಿತು ಯಾವ ಊರು ಎಂದು ವಿಚಾರಿಸಿದಳು. ಸೇಡಂ ಕಡೆ ಎಂದಳು ಆಕೆ. ಮಲ್ಲಿಕಾಳ ಅಪ್ಪ ಅವ್ವನೂ ಅದೇ ಕಡೆಯಿಂದ ಬಂದು ಇಲ್ಲಿನ ಕ್ವಾರಿಯಲ್ಲಿ ಕಲ್ಲು ಒಡೆದವರು. ಅವಳು ಹುಟ್ಟಿದ್ದು, ಮದುವೆಯಾದದ್ದು ಎಲ್ಲ ತುರ್ಭೆಯ ಗಲ್ಲಿಯಲ್ಲೇ.

ರೊಟ್ಟಿ ಬಡಿಯುತ್ತಿದ್ದವಳ ಹೆಸರು ಸಾಬವ್ವ. ಗಂಡ ಶಿವರಾಯ ಸೆಂಟ್ರಿಂಗ್ ಕೆಲಸಕ್ಕಿದ್ದ. ಸ್ವಲ್ಪ ಹೊತ್ತಿನಲ್ಲಿ ಸಾಬವ್ವನೇ ಮಲ್ಲಿಕಾಳನ್ನು ಶೆಡ್ಡಿನಿಂದ ಶೆಡ್ಡಿಗೆ ಕರೆದುಕೊಂಡು ಹೋದಳು. "ಇಕಿ ನಮ್ಮಕಿನೇ ಇದ್ದಾಳ, ಕೈ ತೋರಸ್ರಿ" ಎಂದು ಒಬ್ಬೊಬ್ಬರಿಗೂ ಹೇಳಿ ಬೆರಳು ಚುಚ್ಚಿಸಿದಳು. ಅವತ್ತೇ ಇಬ್ಬರಿಗೆ ಮಲೇರಿಯಾ ಇರುವುದು ಗೊತ್ತಾಯಿತು.

ಸೈಟಿನ ಉಸ್ತುವಾರಿ ನೋಡುತ್ತಿದ್ದವನು ಸರ್ವೋತ್ತಮ. ಕುಂದಾಪುರದ ಕಡೆಯವನು, ದಿನಾ ಡೊಂಬಿವಲಿಯಿಂದ ಓಡಾಡುತ್ತಿದ್ದ. ಗಟ್ಟಿಯಾಗಿ ಮಾತಾಡದ ಮನುಷ್ಯ. ಮಲ್ಲಿಕಾಳನ್ನು ಆಫೀಸಿನಲ್ಲಿ ಕೂರಿಸಿ, ಜ್ವರ ಇದ್ದವರು ಯಾರ್ಯಾರು ಎಂದು ತನಗೂ ಹೇಳಿದರೆ ಒಳ್ಳೆಯದು, ಅವರಿಗೆ ರಜೆ ಕೊಡುತ್ತೇನೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸುತ್ತೇನೆ ಎಂದ. ಪರವೂರಿನಲ್ಲಿ ಕನ್ನಡದವರೇ ಒಬ್ಬರಿಗೊಬ್ಬರು ಆಗದಿದ್ದರೆ ಹೇಗೆ ಎಂದೂ ಹೇಳಿದ. ಮಲ್ಲಿಕಾಳಿಗೆ ಆ ಮಾತು ಹಿತವಾಗಿ ಕೇಳಿಸಿತು. ಬೇರೆ ಸೈಟುಗಳಲ್ಲಿ ಅವಳನ್ನು ಗೇಟಿನ ಒಳಗೂ ಬಿಡುತ್ತಿರಲಿಲ್ಲ. ಅವಳು ಆ ಇಬ್ಬರ ಹೆಸರು ಹೇಳಿದಳು.

ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ಮಳೆನೀರು ನಿಂತಿತ್ತು. ಟಾರ್ಚು ಬಿಟ್ಟು ನೋಡಿದರೆ ಸೊಳ್ಳೆಮರಿಗಳು ಕಿಕ್ಕಿರಿದು ಹೊರಳಾಡುತ್ತಿದ್ದವು. ಅದನ್ನೂ ಹೇಳಿದಳು. ಪಂಪು ಹಚ್ಚಿಸುತ್ತೇನೆ ಎಂದ ಸರ್ವೋತ್ತಮ. ಮಹಾನಗರಪಾಲಿಕೆಯವರು ವಿಚಾರಣೆಗೆ ಬಂದಾಗ ಪಂಪು ಓಡುತ್ತಿತ್ತು, ಜ್ವರದವರಿಬ್ಬರೂ ಸೈಟಿನಲ್ಲಿರಲಿಲ್ಲ. ಊರಿನಿಂದ ಬರುವಾಗಲೇ ಜ್ವರ ತಂದಿದ್ದರು, ಈಗ ವಾಪಸು ಹೋದರು ಎಂದು ಅವರಿಗೆ ಹೇಳಲಾಯಿತು. ಮತ್ತೊಮ್ಮೆ ಇಲ್ಲಿ ರೋಗಿ ಸಿಕ್ಕರೆ ಕೆಲಸ ನಿಲ್ಲಿಸುತ್ತೇವೆ ಎಂದು ಎಚ್ಚರಿಸಿ ಅವರು ಹೊರಟರು. ಮರುದಿನ ಪಂಪು ಇರಲಿಲ್ಲ. ಆ ಇಬ್ಬರು ತಾವಾಗಿಯೇ ಊರಿಗೆ ಹೋಗಿರಬೇಕು ಎಂದುಕೊಂಡಳು ಮಲ್ಲಿಕಾ.

ಶ್ರಾವಣದಲ್ಲಿ ಶಿವರಾಯನಿಗೆ ಜ್ವರ ಬಂತು. ಕಿಟ್ಟಿನಲ್ಲಿ ಕಂಡದ್ದು ಮೆದುಳಿಗೆ ಏರುವ ಜಾತಿಯ ಮಲೇರಿಯಾ. ಮಲ್ಲಿಕಾ ಎದುರಿಗೆ ನಿಂತು ಮೊದಲ ಮಾತ್ರೆ ನುಂಗಿಸಿದಳು. ಸರ್ವೋತ್ತಮನ ಹತ್ತಿರ ಹೋಗಿ, ಇವನನ್ನು ಎಬ್ಬಿಸಬೇಡಿ, ಮಾತ್ರೆ ಪೂರ್ತಿ ಮುಗಿಯಲಿ, ವಾಂತಿಯಾದರೆ ಫೋನ್ ಮಾಡಿ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅವನು ಎಲ್ಲದಕ್ಕೂ ಹೂಂಗುಟ್ಟಿದ.

ಮರುದಿನ ಎರಡನೆಯ ಮಾತ್ರೆ ಕೊಡಲು ಹೋದರೆ ಆ ಶೆಡ್ಡಿನಲ್ಲಿ ಬೇರೆಯವರು ಪಾತ್ರೆ ಜೋಡಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರನ್ನೂ ಕಲ್ಯಾಣ ಸ್ಟೇಷನ್ನಿಗೆ ಒಯ್ದು ರೈಲು ಹತ್ತಿಸಿದರು ಎಂದು ಪಕ್ಕದ ಶೆಡ್ಡಿನ ಮುದುಕ ಹೇಳಿದ. ಮೊದಲಿನ ಇಬ್ಬರನ್ನೂ ಹೀಗೆಯೇ ಕಳಿಸಿದ್ದು ಎಂಬುದು ಅವಳಿಗೆ ತಿಳಿದದ್ದು ಆಗಲೇ. ನೀ ಹೆಸರು ಹೇಳಿದವರೆಲ್ಲ ಹೋದರು ನೋಡವ್ವ ಎಂದ ಮುದುಕ. ಅವನ ದನಿಯಲ್ಲಿ ಆಪಾದನೆಯಿರಲಿಲ್ಲ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಅವಳು ಆಫೀಸಿಗೆ ಹೋಗಿ ಕೇಳಿದಳು. ಸರ್ವೋತ್ತಮ ಕುರ್ಚಿ ಎಳೆದು ಕೊಟ್ಟ. ಅವಳು ಕೂರಲಿಲ್ಲ.

"ನಾನು ಅವನನ್ನು ಹೊರಗೆ ಹಾಕಿದ್ದಲ್ಲ ಮಲ್ಲಿಕಾ. ಟಿಕೆಟ್ ನಾನೇ ತೆಗೆಸಿ ಕೊಟ್ಟೆ. ಇಲ್ಲಿ ಪೇಷಂಟ್ ಇದ್ದಾನೆ ಅಂತ ಆದ್ರೆ ಕೆಲಸ ನಿಲ್ಲಿಸ್ತಾರೆ. ಮತ್ತೆ ಇಷ್ಟು ಜನಕ್ಕೆ ಊಟ ಹಾಕುದು ಯಾರು, ನೀವಾ?"

"ನೀರು ತೆಗಸಿದ್ರ ಜ್ವರನೇ ಬರ್ತಿದ್ದಿಲ್ಲ, ಸರ್."

"ಮಳೆ ನಿಲ್ಲದೆ ನೀರು ಹೇಗೆ ತೆಗೆಸುದು ಹೇಳಿ" ಎಂದು ಅವನು ಫೋನು ಎತ್ತಿಕೊಂಡ.

ಸೊಲ್ಲಾಪುರ ದಾಟುವಾಗ ಶಿವರಾಯನಿಗೆ ಎಚ್ಚರ ತಪ್ಪಿತಂತೆ. ಊರು ಮುಟ್ಟುವ ಮೊದಲೇ ಜೀವ ಹೋಯಿತು. ಆ ಸುದ್ದಿ ಶೆಡ್ಡುಗಳಿಗೆ ಬಂದ ಮೇಲೆ ಯಾರೂ ಮಲ್ಲಿಕಾಳಿಗೆ ಚುಚ್ಚಲು ಬೆರಳು ಕೊಡಲಿಲ್ಲ. ಅವಳ ಕೊಡೆ ಗೇಟಿನಲ್ಲಿ ಕಂಡರೆ ಮಲಗಿದ್ದವರೂ ಎದ್ದು ಕುಳಿತುಕೊಳ್ಳುತ್ತಿದ್ದರು. ಅವಳು ಹೆಲ್ತ್ ಪೋಸ್ಟಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಮರಾಠಿಯ ಹುಡುಗ, ಕೆಟ್ಟವನಲ್ಲ. ಊರಿಗೆ ಕಳಿಸಿದ್ದನ್ನು ಕೇಳುವ ಅಧಿಕಾರ ತನಗಿಲ್ಲ, ಆ ಸೈಟಿನಲ್ಲಿ ಇವತ್ತು ಇರುವ ಒಬ್ಬ ರೋಗಿಯನ್ನು ತೋರಿಸಿ, ಇವತ್ತೇ ಕೆಲಸ ನಿಲ್ಲಿಸುತ್ತೇನೆ ಎಂದ. ತೋರಿಸಲು ಅವಳ ಬಳಿ ಯಾರೂ ಇರಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಸಾಬವ್ವ ನಾದಿನಿಯನ್ನು ಕರೆದುಕೊಂಡು ತಿರುಗಿ ಬಂದಳು. ಬಾರದೆ ಗತಿಯಿರಲಿಲ್ಲ. ಮಲ್ಲಿಕಾ ಎರಡು ಸಲ ಹೋಗಿ ಅವಳ ಎದುರು ನಿಲ್ಲಲಾರದೆ ಗೇಟಿನಿಂದಲೇ ವಾಪಸಾದಳು. ಮೂರನೆಯ ಸಲ ಸಾಬವ್ವನೇ ಕರೆದಳು. ಶೆಡ್ಡಿನ ಒಳಗೆ ಅವಳ ನಾದಿನಿ ಕಂಬಳಿ ಹೊದ್ದು ನಡುಗುತ್ತಿದ್ದಳು.

"ನನಗ ನಿನ್ನ ಮ್ಯಾಲ ಸಿಟ್ಟಿಲ್ಲ" ಎಂದಳು ಸಾಬವ್ವ. "ನೀ ಕೇಳಿದಿ, ಕೈ ತೋರಸು ಅಂತ ನಾನೇ ಅಂದೆ. ಅವ ನನ್ನ ಮಾತು ಕೇಳಿ ಕೈ ತೋರಸಿದ. ಈಗ ಇಕಿಗಿ ಗುಳಿಗಿ ಕೊಡು. ಜ್ವರದಕಿ ಇಲ್ಲಿ ಇದ್ದಾಳಂತ ಯಾರಿಗೂ ಗೊತ್ತಾಗಬಾರದು."

ರಕ್ತ ನೋಡದೆ ಮಾತ್ರೆ ಕೊಡುವಂತಿಲ್ಲ. ರಕ್ತ ನೋಡಿ ಮಲೇರಿಯಾ ಕಂಡರೆ ರೋಗಿ ಇರುವ ಜಾಗ ಹೇಳಬೇಕು. ಡಾಕ್ಟರು ಕೇಳಿದ್ದ ರೋಗಿ ಈಗ ಕಣ್ಣೆದುರಿಗೇ ಇದ್ದಳು. ಒಂದು ಮಾತು ಹೇಳಿದರೆ ಕಟ್ಟಡದ ಕೆಲಸ ನಿಲ್ಲುತ್ತಿತ್ತು, ನೀರು ಖಾಲಿಯಾಗುತ್ತಿತ್ತು. ಆದರೆ ಅಷ್ಟರೊಳಗೆ ಈ ಹೆಣ್ಣು ಯಾವುದೋ ರೈಲಿನಲ್ಲಿ ಇರುತ್ತಿದ್ದಳು. ಮಲ್ಲಿಕಾ ಬೆರಳು ಚುಚ್ಚಿದಳು. ಹೆಲ್ತ್ ಪೋಸ್ಟಿನಲ್ಲಿ ಎಲ್ಲಿಯ ಪೇಷಂಟ್ ಎಂದು ಕೇಳಿದಾಗ ತನ್ನ ಗಲ್ಲಿಯ ಹೆಸರು ಹೇಳಿದಳು.

ನಾದಿನಿ ಹುಷಾರಾದಳು. ಆಮೇಲೆ ಸಾಬವ್ವ ಸುಮ್ಮನೆ ಕಣ್ಣಿನಲ್ಲೇ ತೋರಿಸುತ್ತಿದ್ದಳು, ಈ ಶೆಡ್ಡು, ಆ ಶೆಡ್ಡು. ಮಲ್ಲಿಕಾ ಒಬ್ಬೊಬ್ಬರನ್ನೂ ತನ್ನ ಗಲ್ಲಿಯ ಲೆಕ್ಕಕ್ಕೆ ಸೇರಿಸುತ್ತಾ ಹೋದಳು. ಯಾರೂ ಸಾಯಲಿಲ್ಲ. ಬೇಸ್‌ಮೆಂಟಿನ ನೀರು ಹಾಗೆಯೇ ಇತ್ತು. ಜ್ವರವಿಲ್ಲದ ಸೈಟು ಎಂದು ಪಾಲಿಕೆಯವರು ಸರ್ವೋತ್ತಮನನ್ನು ಹೊಗಳಿ ಹೋದರು.

ಗಲ್ಲಿಗೆ ಮಾತ್ರ ಒಂದು ಬೆಳಿಗ್ಗೆ ಔಷಧಿ ಹೊಡೆಯುವವರ ಗುಂಪು ಬಂತು. ಇಷ್ಟೊಂದು ಮಲೇರಿಯಾ ಇಲ್ಲೇ ಯಾಕೆ ಎಂದು ಮನೆಮನೆ ಹೊಕ್ಕು, ಹೆಂಗಸರು ನಸುಕಿನಲ್ಲಿ ನಳದ ಹತ್ತಿರ ಜಗಳವಾಡಿ ತುಂಬಿಸಿಟ್ಟ ನೀರಿನ ಡ್ರಮ್ಮುಗಳನ್ನೆಲ್ಲ ಗಟಾರಕ್ಕೆ ಉರುಳಿಸಿದರು. ಜ್ವರದವರೆಲ್ಲಿ ಎಂದು ಕೇಳಿದರು. ಊರಿಗೆ ಹೋದರು ಎಂದಳು ಮಲ್ಲಿಕಾ.

ಎದುರುಮನೆಯ ಚಂದ್ರಬಾಯಿ ವಿಜಯಪುರದ ಕಡೆಯವಳು, ಮಲ್ಲಿಕಾಳ ಎರಡೂ ಬಾಣಂತನ ಮಾಡಿದವಳು. ಖಾಲಿ ಡ್ರಮ್ಮಿನ ಪಕ್ಕ ನಿಂತು ಅವಳು ದನಿ ಏರಿಸದೆ ಕೇಳಿದಳು.

"ನಮ್ಮ ಗಲ್ಯಾಗ ಯಾರಿಗಿ ಬಂದಿತ್ತಬೇ ಜ್ವರ? ನಾ ಒಬ್ಬರನ್ನೂ ನೋಡಲಿಲ್ಲ."

ಮಲ್ಲಿಕಾ ಬಗ್ಗಿ ತನ್ನ ಡ್ರಮ್ಮನ್ನು ಎತ್ತಿ ನಿಲ್ಲಿಸಿದಳು. ಗಲ್ಲಿಯಲ್ಲಿ ಒಬ್ಬರಿಗೆ ನಿಜ ತಿಳಿದರೆ ಸಂಜೆಯೊಳಗೆ ಸೈಟಿಗೆ ಮುಟ್ಟುತ್ತಿತ್ತು. ತನ್ನ ಕೆಲಸ ದೊಡ್ಡದು ಮಾಡಿ ತೋರಿಸಲು ಇವಳು ಸುಳ್ಳು ಜ್ವರ ಹುಟ್ಟಿಸುತ್ತಾಳೆ ಎಂದು ಹೆಂಗಸರು ಮಾತಾಡಿಕೊಂಡರು. ನಳದ ಹತ್ತಿರ ಅವಳ ಕೊಡ ಹಿಂದಕ್ಕೆ ಸರಿಯಿತು. ಗಂಡ ಅಂಬಾದಾಸ ಮಾರ್ಕೆಟ್ಟಿನಲ್ಲಿ ಹಮಾಲಿ, ಮೂರನೆಯ ದಿನ ಅವನೂ, ಊರಿನವರನ್ನೆಲ್ಲ ಉಳಿಸಲು ಹೊರಟವಳು ಮನೆಯವರಿಗೆ ಕುಡಿಯಲು ನೀರಾದರೂ ಇಟ್ಟಿದ್ದೀಯಾ ಎಂದು ಕೇಳಿದ.

ದೀಪಾವಳಿಯ ಹೊತ್ತಿಗೆ ಸಾಬವ್ವನ ಗುಂಪನ್ನು ಠಾಕುರ್ಲಿಯ ಇನ್ನೊಂದು ಸೈಟಿಗೆ ಸಾಗಿಸಿದರು. ಸ್ವಲ್ಪ ದಿನಕ್ಕೆ ಅವಳ ಫೋನು ಬಂತು. ಇಬ್ಬರು ಮಲಗಿದ್ದಾರೆ, ಬಾ ಎಂದಳು. ಅದು ಬೇರೆ ಪಾಲಿಕೆಯ ಸರಹದ್ದು, ಅಲ್ಲಿ ತಾನು ಯಾರ ಬೆರಳೂ ಚುಚ್ಚುವಂತಿಲ್ಲ, ಅಲ್ಲಿಯೂ ಸರ್ಕಾರಿ ದವಾಖಾನೆ ಇದೆ, ಇವತ್ತೇ ಕರೆದೊಯ್ಯಿ ಎಂದು ಮಲ್ಲಿಕಾ ಅಂಗಲಾಚಿದಳು.

"ಅಲ್ಲಿ ಎಲ್ಲಿ ಇರ್ತೀರಂತ ಕೇಳ್ತಾರಲ್ಲ" ಎಂದಳು ಸಾಬವ್ವ. ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು ಕೇಳುತ್ತಿತ್ತು. ಸಾಬವ್ವ ಫೋನು ಇಟ್ಟಳು.

ಥಾಣೆಯಲ್ಲಿ ಗಾಡಿ ಬದಲಿಸಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದಿತ್ತು. ಮಲ್ಲಿಕಾ ಹೋಗಲಿಲ್ಲ. ಪಾಲಿಕೆಯವರ ಆಜ್ಞೆಯಂತೆ ಅವತ್ತು ಅವಳು ತನ್ನದೇ ಗಲ್ಲಿಯ ಮನೆಮನೆಯಲ್ಲಿ ಜ್ವರ ಹುಡುಕಬೇಕಿತ್ತು. ಚಂದ್ರಬಾಯಿಯ ಬಾಗಿಲು ತಟ್ಟಿದಳು. ಒಳಗೆ ಟಿ.ವಿ. ಓಡುತ್ತಿತ್ತು, ಯಾರೂ ಬಾಗಿಲು ತೆರೆಯಲಿಲ್ಲ.